ಅರ್ಧ ಲೋಟ

ಶಾರ್ಜಾದಲ್ಲಿ ಸಿಗುವುದಿಲ್ಲ. ಅಜ್ಮಾನಿನಲ್ಲಿ ಸಿಗುತ್ತದೆ.
ನಡುವೆ ಒಂದು ರಸ್ತೆ, ಒಂದು ಸಿಗ್ನಲ್ಲು,
ಆಚೆ ಮರಳ ಬಯಲಿನ ಅಂಚಿಗೆ
ಬೋರ್ಡಿಲ್ಲದ ಬಾಗಿಲು.
ಹನ್ನೊಂದು ವರ್ಷ ನನ್ನ ಭೂಗೋಳ ಇಷ್ಟೇ.

ಅಪ್ಪ ಬೈಂದೂರಿನ ಬದಿಯಲ್ಲಿ
ಮರ ಹತ್ತಿ ಕಳ್ಳು ಇಳಿಸುತ್ತಿದ್ದವ.
ಹೊಂಬಾಳೆಯನ್ನು, ಮಗುವಿನ ಬೆನ್ನು ತಟ್ಟಿದ ಹಾಗೆ
ತಟ್ಟುತ್ತಿದ್ದ. ಒಂದು ತೊಟ್ಟು ಬಾಯಿಗಿಟ್ಟವನಲ್ಲ.
"ಹತ್ತುವವ ಕುಡ್ದ್ರೆ ಇಳೂದ್ ಒಂದೇ ಸಲ."
ನಾನು ಮರ ಹತ್ತಲಿಲ್ಲ.
ವಿಮಾನ ಹತ್ತಿದೆ.

ಲೇತ್ ಮಷೀನಿನ ಕೆಲಸ. ಕೂದಲೆಳೆ ಹೆಚ್ಚಾದರೂ
ಶಾಫ್ಟು ಗುಜರಿಗೆ.
ಬೆಳಿಗ್ಗೆ ಏಳಕ್ಕೆ, ಕೈ ನಿಲ್ಲಲಿ ಎಂದು, ಒಂದು ಮುಚ್ಚಳ.
ಹತ್ತಕ್ಕೆ ಇನ್ನೊಂದು. ಆಮೇಲೆ ಮುಚ್ಚಳ ಎಲ್ಲೋ ಕಳೆದುಹೋಗುತ್ತಿತ್ತು.
ಕ್ಯಾಂಪಿನ ಕಕ್ಕಸಿನ ನೀರಿನ ತೊಟ್ಟಿಯೊಳಗೆ
ಪ್ಲಾಸ್ಟಿಕ್ಕು ಸುತ್ತಿ ತೇಲಿಬಿಟ್ಟ ಕ್ವಾರ್ಟರು.
ಎಷ್ಟು ಬುದ್ಧಿವಂತನಿದ್ದೆ, ಅದೊಂದರಲ್ಲಿ!

ಆಸ್ಪತ್ರೆಯಲ್ಲಿ ಒಂಬತ್ತು ದಿನ.
ಮೂರನೆಯ ರಾತ್ರಿ ಏಸಿಯ ಜಾಲರಿಯಿಂದ
ಇರುವೆಗಳು ಸಾಲಾಗಿ ಇಳಿದು ನನ್ನ ಹೆಸರು ಕರೆದವು.
ನರ್ಸು ಲಿಲ್ಲಿಕುಟ್ಟಿ, ಇರುವೆಯೇ ಇಲ್ಲ ಎನ್ನಲಿಲ್ಲ.
"ಅವು ಹೋಗುತ್ತವೆ, ನಾನು ಇರುತ್ತೇನೆ" ಅಂದಳು.
ನೆತ್ತಿಯ ಮೇಲೆ ತೂಗುಬಿಟ್ಟ ಬಾಟಲಿಯಿಂದ
ಹನಿ ಇಳಿಯುವುದನ್ನು ಎಣಿಸುತ್ತ ಮಲಗಿದ್ದೆ.
ಬಾಟಲಿಯೊಂದು ಮೊದಲ ಸಲ
ನನ್ನ ಪರವಾಗಿತ್ತು.

ಬಿಡುವಾಗ ಡಾಕ್ಟರು ಮಾತ್ರೆ ಬರೆದರು,
ಮಾತ್ರೆಯ ಕೆಳಗೆ ಒಂದು ಫೋನ್ ನಂಬರು.

ಗುರುವಾರ ರಾತ್ರಿ, ಟಯರ್ ಅಂಗಡಿಯ ಮೇಲಿನ
ಟ್ಯೂಷನ್ ಕೋಣೆ. ಗೋಡೆಯ ತುಂಬ ಮಗ್ಗಿ.
ಮಕ್ಕಳ ಕುರ್ಚಿಗಳಲ್ಲಿ, ಮೊಣಕಾಲು ಎದೆಗೆ ತಾಗಿಸಿ
ಕೂತ ಗಂಡಸರು: ಟ್ರೇಲರಿನ ಹರಬನ್ಸ್,
ಬೇಕರಿಯ ತಿಲಕಸಿರಿ, ಮೀಸೆ ನರೆತ ಔಸೇಪ್ ಚೇಟ್ಟನ್.
ಔಸೇಪ್ ಸುಲೈಮಾನಿ ಬಗ್ಗಿಸಿದ.
ಎಲ್ಲರಿಗೂ ಲೋಟದ ತುಂಬ. ನನಗೆ ಅರ್ಧ.
ಜಿಪುಣ, ಅಂದುಕೊಂಡೆ.
ಲೋಟ ಎತ್ತಿದ ಮೇಲೆ ತಿಳಿಯಿತು,
ತುಂಬಿದ್ದರೆ ಅಷ್ಟೂ ಅಂಗಿಯ ಮೇಲೆ.
ಯಾರೂ ನನ್ನ ಕೈ ನೋಡಲಿಲ್ಲ.
ಎಲ್ಲರೂ ಏಳರ ಮಗ್ಗಿ ನೋಡುತ್ತಿದ್ದರು.

ಆರನೆಯ ಗುರುವಾರ ಬಾಯಿಬಿಟ್ಟೆ. ಹಿಂದಿಯಲ್ಲಿ.
ಸುಳ್ಳಿಗೆ ಸಾಕಾಗುತ್ತಿದ್ದ ಹಿಂದಿ
ಇದಕ್ಕೆ ಸಾಲಲಿಲ್ಲ.
ಅಪ್ಪ ಸತ್ತ ದಿನ ಟಿಕೆಟ್ಟಿನ ದುಡ್ಡು ಕುಡಿದದ್ದು,
ಸೀಟೇ ಸಿಗಲಿಲ್ಲವೆಂದು ಅಣ್ಣನಿಗೆ ಫೋನಿನಲ್ಲಿ ಅತ್ತದ್ದು,
ಆ ಅಳು ಮಾತ್ರ ನಿಜವಿದ್ದದ್ದು,
ಎಲ್ಲ ನಮ್ಮ ಬದಿಯ ಕನ್ನಡದಲ್ಲೇ ಬಂತು.
ಕೋಣೆಯಲ್ಲಿ ಕನ್ನಡದವ ಒಬ್ಬನೂ ಇರಲಿಲ್ಲ.
ಮುಗಿದಾಗ ಹರಬನ್ಸ್ ಮೂಗು ಒರೆಸಿಕೊಂಡು ಹೇಳಿದ:
ಅರ್ಥವಾಗಲಿಲ್ಲ. ಗೊತ್ತಾಯಿತು.

ತೊಂಬತ್ತನಾಲ್ಕನೆಯ ದಿನ
ಸಿಗ್ನಲ್ಲು ಹಸಿರಾಯಿತು.
ನಾನು ದಾಟಿದೆ.

ಮುಂದಿನ ಗುರುವಾರ ಮೆಟ್ಟಿಲ ಬುಡದಲ್ಲಿ
ಟಯರುಗಳ ನಡುವೆ ಒಂದು ಗಂಟೆ ನಿಂತೆ.
ಮೇಲೆ ಹೋದಾಗ ಔಸೇಪ್ ಏನೂ ಕೇಳಲಿಲ್ಲ.
ಬಗ್ಗಿಸಿದ,
ಅರ್ಧ.

ಮತ್ತೆ ಒಂದರಿಂದ ಎಣಿಸಿದೆ.
ಯಾವ ಎಣಿಕೆಯಲ್ಲೋ, ನೆನಪಿಲ್ಲ,
ವಿಡಿಯೋ ಕಾಲಿನಲ್ಲಿ ಜಲಜ ಹೇಳಿದಳು:
"ನೆಟ್ ಸಮಾ ಆಯ್ತಾ? ಇವತ್ತ್ ನಿಮ್ ಮೋರೆ ಅಲ್ಲಾಡುದಿಲ್ಲೆ."
ಹೌದು, ನೆಟ್ ಸಮಾ ಆಯ್ತು ಅಂದೆ.
ಉಳಿದದ್ದನ್ನು ಊರಿಗೆ ಹೋಗಿ ಎದುರೇ ಹೇಳಬೇಕು.
ಹೇಳುವೆನೋ ಇಲ್ಲವೋ.

ಔಸೇಪ್ ವೀಸಾ ಮುಗಿಸಿ ಹೊರಟ. ಕೆಟಲು ನನ್ನ ಕೈಗೆ ಬಂತು.
ಕಳೆದ ವಾರ ನಿಜಾಮಾಬಾದಿನ ಪೇಂಟರ್ ಹುಡುಗನೊಬ್ಬ
ಉಗುರಲ್ಲಿ ಬಿಳಿ ಬಣ್ಣ, ಬಾಯಲ್ಲಿ ಏಲಕ್ಕಿ,
ಆ ಏಲಕ್ಕಿ ನನಗೆ ಗೊತ್ತು,
ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತ.
ಅರ್ಧ ಬಗ್ಗಿಸಿ ಕೊಟ್ಟೆ.
ಅವನು ಲೋಟ ನೋಡಿದ, ನನ್ನನ್ನು ನೋಡಿದ.

ನಾನು ಗೋಡೆಗೆ ತಿರುಗಿದೆ.
ಏಳು ಏಳಲಿ ನಲವತ್ತೊಂಬತ್ತು.
ಅದರ ಕೆಳಗಿನ ಸಾಲನ್ನು ಯಾವುದೋ ಮಗು
ಉಗುರಿನಿಂದ ಕೆರೆದು ಹಾಕಿದೆ.