ಇಪ್ಪತ್ತೆಂಟರ ನಂತರ ಮೂವತ್ತೊಂದು

ಉದ್ಯಾವರದಲ್ಲಿ ಸಂಜೆ ಏಳಕ್ಕೆ
ಪಾಪನಾಶಿನಿಯ ಕಡೆಯಿಂದ ಮೀನೆಣ್ಣೆಯ ಗಾಳಿ.
ಚಾವಡಿಯಲ್ಲಿ ಅಜ್ಜಿ ಕಾಲು ಚಾಚಿ, ಮಡಿಲಲ್ಲಿ ತಡ್ಪೆ,
ತಡ್ಪೆಯಲ್ಲಿ ಎಲೆ, ಹೊಗೆಸೊಪ್ಪು, ನೂಲು, ಕತ್ತರಿ.
ನಾನು ಕೈಕಾಲು ತೊಳೆದು, ದೀಪಕ್ಕೆ ಹತ್ತಿರ ಕೂತು,
ಸಿಮೆಂಟು ಚೀಲದ ಕಾಗದ ಹೊದಿಸಿದ ಪುಸ್ತಕ ತೆರೆದು
ಆರನೇ ಕ್ಲಾಸಿನ ಗಂಟಲಲ್ಲಿ
ದೇವರ ಸಾವಿರ ಹೆಸರು ಓದಬೇಕು.

ಅವಳಿಗೆ ಅಕ್ಷರ ಬಾರದು. ಲೆಕ್ಕ ಬರುತ್ತದೆ:
ಇಪ್ಪತ್ತೈದಕ್ಕೊಂದು ಕಟ್ಟು, ನಲವತ್ತು ಕಟ್ಟಿಗೆ ಸಾವಿರ,
ಸಾವಿರಕ್ಕೆ ಬ್ರಾಂಚಿನವರ ಪಾಸ್‌ಬುಕ್ಕಿನಲ್ಲಿ ಒಂದು ಗೀಟು.
ಹೆಸರಿಗೊಂದು ಬೀಡಿ ಆಗುತ್ತದೆಂದು ನಾನು ಎಣಿಸಿದ್ದೆ.
ಎಲ್ಲಿಂದ! ತಡವರಿಸಿ ತಡವರಿಸಿ
ನಾನು ಸಾವಿರ ಮುಗಿಸುವಾಗ ಅವಳದು ಮೂರೇ ಕಟ್ಟು.
"ಅವನ ಸಾವಿರ ಸಲೀಸು ಮಗಾ," ಎನ್ನುವಳು,
"ಬಾಯಿ ಇದ್ದರಾಯಿತು. ನನ್ನದಕ್ಕೆ ಬೆರಳು ಬೇಕು."

ಒಮ್ಮೆ ಮೇಲಿನಮನೆಯ ಸತ್ಯಭಾಮಕ್ಕ ಬೇಲಿಯಾಚೆ ನಿಂತು,
"ಹೊಗೆಸೊಪ್ಪಿನ ಕೈಯಲ್ಲಿ ಪಾರಾಯಣವಾ ರಾಜೀವಿ?"
ಅಜ್ಜಿ ನೂಲನ್ನು ಹಲ್ಲಲ್ಲಿ ಕಚ್ಚಿ ತುಂಡರಿಸಿ,
"ಓದುವುದು ಹುಡುಗಿಯ ಬಾಯಿ, ಕೇಳುವುದು ನನ್ನ ಕಿವಿ.
ಕಿವಿಗೆ ಹೊಗೆಸೊಪ್ಪು ತಾಗಲಿಲ್ಲ ಅಮ್ಮ."
ಅವರು ಹೋದ ಮೇಲೆ ತನಗೇ ಅನುಮಾನ ಬಂದು
ಸೆರಗಿನ ತುದಿಯಿಂದ ಎರಡೂ ಕಿವಿ ಒರೆಸಿಕೊಂಡಳು.

ಆ ಪುಸ್ತಕದಲ್ಲಿ ಇಪ್ಪತ್ತೆಂಟರ ನಂತರ ಮೂವತ್ತೊಂದು.
ನಡುವಿನ ಹಾಳೆಯನ್ನು ಗೆದ್ದಲು ತಿಂದಿತೋ,
ಅಜ್ಜ ಸುರುಳಿ ಮಾಡಿ ಕಿವಿ ಕೆರೆದುಕೊಂಡನೋ,
ಯಾರೂ ಒಪ್ಪಿಕೊಳ್ಳಲಿಲ್ಲ.
ಪುಟ ಇಲ್ಲ, ಹಾರಿ ಓದಲಾ ಎಂದೆ.
"ಹಾರಬೇಡ. ಕಾಣದ ಹೆಸರಿಗೂ
ಅದರದರ ಹೊತ್ತು ಕೊಡಬೇಕು."

ಅಂದಿನಿಂದ ಅಲ್ಲಿಗೆ ಬಂದಾಗ ನಾನು ಬಾಯಿ ಮುಚ್ಚುವುದು,
ಅವಳು ಕೈ ನಿಲ್ಲಿಸುವುದು.
ಇಡೀ ದಿನದಲ್ಲಿ ಆ ಬೆರಳು ಸುಮ್ಮನಿದ್ದದ್ದು ಅಷ್ಟೇ ಹೊತ್ತು.
ಬೆನ್ನನ್ನು ಕಂಬಕ್ಕೆ ಕೊಡುವಳು. ಬಾವಿಕಟ್ಟೆ ನೋಡುವಳು.
ಹೆದ್ದಾರಿಯಲ್ಲಿ ಕುಂದಾಪುರದ ಎಕ್ಸ್‌ಪ್ರೆಸ್ಸು
ಹಾರ್ನು ಹೊಡೆದುಕೊಂಡು ಹೋಗುವುದು.
ಗೋಡೆಯಲ್ಲಿ ಹಲ್ಲಿ ಒಂದು ಹುಳ ಹಿಡಿದು ನುಂಗುವುದು.
ಒಂದೊಂದು ದಿನ ಆ ಎರಡು ಪುಟ
ಬಹಳ ಉದ್ದ ಇರುತ್ತಿತ್ತು.
ನಾನು ಕೆಮ್ಮಿದರೆ, "ಇರು, ಇನ್ನೂ ಮುಗಿಯಲಿಲ್ಲ."

ಶನಿವಾರ ಬ್ರಾಂಚಿನಲ್ಲಿ ಮೂವತ್ತೋ ನಲವತ್ತೋ ಬೀಡಿ
ಸೊಟ್ಟ, ಸಡಿಲ ಎಂದು ಬದಿಗೆ ಎಸೆಯುವರು.
"ಎಲ್ಲರ ಸಾವಿರವೂ ಸ್ವಲ್ಪ ಕಡಿಮೆಯೇ" ಎಂದು
ಚೀಲ ಮಡಚಿ ಕಂಕುಳಿಗೆ ಸಿಕ್ಕಿಸಿ ನಡೆಯುವಳು.

ಈಗ ಅಜ್ಜರಕಾಡಿನ ಸರಕಾರಿ ಆಸ್ಪತ್ರೆ.
ಅವಳ ಎದೆಯಲ್ಲಿ ನಲವತ್ತು ವರ್ಷದ ಧೂಳು.
ಹೊದಿಕೆಯ ಅಂಚನ್ನು ಬೆರಳು ಸುತ್ತುತ್ತಲೇ ಇದೆ,
ನೂಲಿಲ್ಲದೆ ಕಟ್ಟುತ್ತಲೂ ಇದೆ.
ಪುಸ್ತಕ ಮನೆಯಲ್ಲೇ ಉಳಿದಿತ್ತು. ಮೊಬೈಲಿನಲ್ಲಿ ಹುಡುಕಿ
ಸಣ್ಣ ದನಿಯಲ್ಲಿ ಓದತೊಡಗಿದೆ.
ಪಕ್ಕದ ಬೆಡ್ಡಿನ ಲೂಸಿಬಾಯಿ ತಮ್ಮ ಧಾರಾವಾಹಿಯ ಸದ್ದು ತಗ್ಗಿಸಿದರು.
ಪರದೆಗೆ ಪುಟಗಳಿಲ್ಲ, ಗೆದ್ದಲಿಲ್ಲ.
ಎಲ್ಲಿ ನಿಲ್ಲಬೇಕೆಂದು ತಿಳಿಯದೆ
ನೇರ ಒಳಗೆ ನುಗ್ಗಿಬಿಟ್ಟೆ,
ಒಮ್ಮೆಯೂ ನನ್ನ ನಾಲಗೆಗೆ ಬಾರದ ಹೆಸರುಗಳ ನಡುವೆ.

ಬೆರಳು ನಿಂತಿತು. ಕಣ್ಣು ತೆರೆದಳು.
"ಮೊಕುಲು ಏರ್?"
ಇವರೆಲ್ಲ ಯಾರು, ಇಷ್ಟು ವರ್ಷ ಎಲ್ಲಿದ್ದರು ಎಂಬಂತೆ
ವಾರ್ಡಿನ ಬಾಗಿಲ ಕಡೆ ನೋಡಿದಳು.
ನನಗೆ ಏನು ಹೇಳುವುದೆಂದು ತಿಳಿಯಲಿಲ್ಲ.

ಅವಳು ಕಾಲನ್ನು ಸ್ವಲ್ಪ ಮಡಚಿದಳು,
ಹಾಸಿಗೆಯ ತುದಿಯಲ್ಲಿ ಜಾಗವಾಗುವ ಹಾಗೆ.
"ನಿಲ್ಲಿಸಿಯೇ ಇಟ್ಟದ್ದು ಯಾಕೆ?
ಕೂತುಕೊಳ್ಳಲಿಕ್ಕೆ ಹೇಳು."