ಉಸಿರಾಡುವ ಉದ್ದ

ಎಂ.ಟೆಕ್. ಎರಡನೇ ಸೆಮಿಸ್ಟರು, ಬೆಳಗಿನ ಮೊದಲ ತರಗತಿ.
ನಾವು ಐವರು. ಐದನೆಯವನು ಹಾಜರಿಗಷ್ಟೇ.
ನಾಗಭೂಷಣ ಮೇಷ್ಟ್ರು ಬೋರ್ಡಿನ ಈ ಕೊನೆಯಿಂದ ಆ ಕೊನೆಗೆ
ಒಂದೇ ಗೆರೆ ಎಳೆದು, ಬೆರಳ ಸುಣ್ಣ ಊದಿ ಅಂದರು:
ಬೆಸೆದ ಹಳಿ ಬಿಸಿಲಿಗೆ ಜರುಗುವುದು
ಎರಡು ತುದಿಯಲ್ಲಿ ಮಾತ್ರ, ನೂರು ನೂರು ಮೀಟರು.
ಉಸಿರಾಡುವ ಉದ್ದ ಅಂತ ಅದಕ್ಕೆ ಹೆಸರು.
ನಡುವಿನದು ಕದಲುವುದಿಲ್ಲ.
ಹಾಗಾದರೆ ಆ ಹಿಗ್ಗು ಎಲ್ಲಿ ಹೋಯಿತು, ಹೇಳಿ?

ಯಾರೂ ಹೇಳಲಿಲ್ಲ. ಹೊಂಗೆ ಮರದಡಿ
ಯಾರದೋ ಸ್ಕೂಟರು ಸ್ಟಾರ್ಟಾಗದೆ ಕೆಮ್ಮುತ್ತಿತ್ತು.

ಒಳಗೇ ಇರುತ್ತೆ, ಅಂದರು.
ಡಿಗ್ರಿಗೆ ಎರಡು ಟನ್ನಿಗೆ ಚೂರು ಕಡಿಮೆ.
ಬರೆದುಕೊಂಡೆ.

ಮಲ್ಲೇಶ್ವರ ಸ್ಟೇಷನ್ನಿನ ಕಾಂಪೌಂಡಿಗೆ
ಬೆನ್ನು ಕೊಟ್ಟು ಕೂತ ಮನೆ ನಮ್ಮದು, ಬಾಡಿಗೆಯದು.
ಸರಿಯಾಗಿ ಬಚ್ಚಲ ಗೋಡೆಯ ಹಿಂದೆ
ಹಳಿಗೊಂದು ಸಂದು. ಆರು ಮಿಲಿಮೀಟರು
ಅಂತ ಈಗ ಗೊತ್ತು. ಆಗ ಅದು ಬರೀ ಸದ್ದು.
ಗಾಲಿ ಗಾಲಿಯೂ ಅಲ್ಲಿ ಟಕ್ ಅಂದೇ ದಾಟಬೇಕು;
ಅಮ್ಮನ ಪಾದ ಹೊಲಿಗೆ ಮೆಷಿನ್ನಿನ ಮೇಲೆ
ತಾನಾಗಿ ಅದಕ್ಕೆ ಜೊತೆಯಾಗುತ್ತಿತ್ತು.
ಗೂಡ್ಸು ಬಂದರೆ ಲಂಗದ ಅಂಚು.
ಪ್ಯಾಸೆಂಜರಿಗೆ ರವಿಕೆಯ ತೋಳು.
ಎಕ್ಸ್‌ಪ್ರೆಸ್ಸಿನಲ್ಲಿ ಏನನ್ನೂ ಹೊಲಿಯುತ್ತಿರಲಿಲ್ಲ,
ದಾರ ಹರಿಯುತ್ತೆ ಅಂತ.

ನಾನು ಪಿಯುಸಿಯಲ್ಲಿದ್ದಾಗ ಒಂದು ರಾತ್ರಿ ಬಂದು ಬೆಸೆದರು.
ಮೂಸೆಯಿಂದ ಇಳಿದ ಕಬ್ಬಿಣದ ಬೆಳಕು
ನಮ್ಮ ಗೋಡೆ ಮೇಲಿನ ಕ್ಯಾಲೆಂಡರಿನ ತಾರೀಖು ಓದುವಷ್ಟು.
ಟಾರಸಿ ಮೇಲೆ ಬೆಳಗಿನ ತನಕ ನಿಂತಿದ್ದೆ.
ಈ ಓದಿಗೆ ಯಾಕೆ ಬಂದೆ ಅಂತ ಇಂಟರ್‌ವ್ಯೂನಲ್ಲಿ ಕೇಳಿದಾಗ
ಇದನ್ನು ಹೇಳಲಿಲ್ಲ, ದೇಶದ ಸಾರಿಗೆ ಅಂತ ಏನೋ ಅಂದೆ.
ಮಾರನೇ ದಿನದಿಂದ ರೈಲುಗಳು
ಹೊಸಿಲಲ್ಲಿ ಚಪ್ಪಲಿ ಬಿಟ್ಟು ಬಂದ ಹಾಗೆ ಬಂದವು.
ಆ ವಾರ ಮೂರು ರವಿಕೆ ಅಳತೆ ತಪ್ಪಿ ವಾಪಸಾದವು.

ಏಪ್ರಿಲ್ಲು, ಲೊಟ್ಟೆಗೊಲ್ಲಹಳ್ಳಿ, ಮಧ್ಯಾಹ್ನ ಎರಡು.
ಕೀಮನ್ ವೆಂಕಟರಮಣಪ್ಪ
ಹಳಿಯ ಹೊಟ್ಟೆಗೆ ಥರ್ಮಾಮೀಟರು ಅಂಟಿಸಿ
ತಾನು ಮಾತ್ರ ಜಾಲಿಯ ನೆರಳಿಗೆ ಸರಿದು ಕೂತ.
"ಗಾಳೀಗೆ ಮೂವತ್ತೈದು, ಹಳೀಗೆ ಐವತ್ನಾಕು. ಬರ್ಕಳಿ ಮೇಡಮ್ಮು."
ಮೂವತ್ತೇಳರಲ್ಲಿ ಬಿಗಿದದ್ದು. ಹದಿನೇಳು ಹೆಚ್ಚು.
ಮೂವತ್ತೊಂದೂವರೆ ಟನ್ನು, ಒಂದೊಂದು ಹಳಿಯೊಳಗೆ,
ನೋಡಿದರೆ ಏನೂ ಕಾಣುವುದಿಲ್ಲ.
ಹಳಿಯ ಮೇಲೊಂದು ಓತಿಕ್ಯಾತ, ಅದೂ ಇಳಿದು ಹೋಯಿತು.
"ಒಂದ್ಸಲ ಕಂಡಿದೀನಿ," ಅಂದ,
"ಬಾಣಸವಾಡಿ ಕಡೆ. ಹಾವಿನಂಗೆ ಮಲಗಿತ್ತು ಹಳಿ.
ಕೆಂಪು ಬಾವುಟ ಬಿಚ್ಚಾಕೆ ಕೈಯೇ ಬರ್ಲಿಲ್ಲ.
ಹಲ್ಲಲ್ಲಿ ಬಿಚ್ದೆ."

ಮೂರು ತಿಂಗಳು ಲೆಕ್ಕ ಹಾಕಿ, ಕಂಪ್ಯೂಟರಿನಲ್ಲಿ
ಹಳಿಯನ್ನು ಸಾವಿರ ತುಂಡು ಮಾಡಿ ಮತ್ತೆ ಕೂಡಿಸಿ
ಕಂಡುಕೊಂಡೆ: ಈ ತಿರುವಿನ ಹೊರಬದಿಗೆ ಜಲ್ಲಿ ಸಾಲದು.
ಹೋಗಿ ಹೇಳಿದೆ. ಬೀಡಿ ಆರಿಸಿ ನಕ್ಕ.
"ಎರಡು ವರ್ಷದಿಂದ ನಾನೂ ಅದೇ ಬರೀತಿದೀನಿ.
ನೀವೂ ಬರೀರಿ."

ಪ್ರಬಂಧದ ಕರಡು ಮೆಷಿನ್ನಿನ ಮೇಲಿತ್ತು.
ಅಮ್ಮ ಅದರ ಮೇಲೆ ಕತ್ತರಿ ಇಟ್ಟಿದ್ದಳು, ಫ್ಯಾನಿಗೆ ಹಾರದ ಹಾಗೆ.
ಇಂಗ್ಲಿಷು ಅವಳಿಗೆ ಬಾರದು, ಚಿತ್ರ ನೋಡಿ ಕೇಳಿದಳು.
ತುದಿ ಎರಡು, ನಡುವೆ ಕದಲದ್ದು, ಎಲ್ಲ ಹೇಳಿದೆ.
"ಎಷ್ಟು ಹಿಡ್ಕೊಂಡಿರುತ್ತೆ?"
ಮೂವತ್ತೊಂದೂವರೆ ಟನ್ನು.
"ಅಷ್ಟೇನಾ," ಅಂದು ದಾರದ ತುದಿ ಎಂಜಲು ಮಾಡಿ
ಸೂಜಿಗೆ ಪೋಣಿಸಿದಳು. ಎರಡನೇ ಸಲಕ್ಕೆ ಹೋಯಿತು.

ಆಮೇಲೆ: "ನಮ್ಮ ಸಂದು ಎಲ್ಲಿ ಹೋಯ್ತು ಮತ್ತೆ?"
ತುದಿಯಲ್ಲಿ ಒಂದು ಬಿಟ್ಟಿರ್ತಾರೆ ಅಮ್ಮ,
ಎಲ್ಲ ಸಂದೂ ಸೇರಿಸಿ ದೊಡ್ಡದೊಂದು,
ಯಶವಂತಪುರದ ಆಚೆ ಎಲ್ಲೋ.
"ನೋಡಿದೀಯಾ?"
ನಕ್ಷೆಯಲ್ಲಿ ನೋಡಿದ್ದೆ. ಅಷ್ಟೇ.
ಭಾನುವಾರ ಕರಕೊಂಡು ಹೋಗಬೇಕು. ಅವಳಿಗೆ ಮಂಡಿ ನೋವು,
ಆಟೋ ಹೋಗುವಷ್ಟು ಹತ್ತಿರದಲ್ಲಿದ್ದರೆ ಸರಿ.