ಅಳತೆಗೊಂದು ಕೈ

ಹಾಸನದ ಹಳೇ ಬಸ್‌ಸ್ಟ್ಯಾಂಡಿನ ಹಿಂದೆ
ಝೆರಾಕ್ಸಿಗೂ ಹಲ್ಲಿನ ಡಾಕ್ಟರಿಗೂ ನಡುವೆ
ಎಂಟಡಿ ಅಗಲದ ನನ್ನ ಡಿಟಿಪಿ.
ಸಂಜೆ ಆರೂವರೆಗೆ ಇಂಚರಾ ಬಂದಳು,
ಕಾರೇಕೆರೆಯ ಕೃಷಿ ಕಾಲೇಜಿನವಳು,
ಕೊರಳಲ್ಲಿ ಪೆನ್‌ಡ್ರೈವ್, ತಾಯಿತದ ಹಾಗೆ.
ಆಲೂಗಡ್ಡೆಯ ಅಂಗಮಾರಿ ಬಗ್ಗೆ ಒಂದು ಕೈಪಿಡಿ:
ಅರವತ್ತೊಂದು ಪುಟ, ಮೂವತ್ತೆಂಟು ಚಿತ್ರ.
"ಯಶೋದಕ್ಕ, ಬೆಳಿಗ್ಗೆ ಪ್ರೆಸ್ಸಿಗೆ ಹೋಗ್ಬೇಕು.
ಎಲ್ಲಾ ಮುಗ್ದಿದೆ. ಚಿತ್ರಗಳ ಪಟ್ಟಿ ಒಂದೇ ಬಾಕಿ."

ಒಂದೇ ಬಾಕಿ ಅನ್ನುವವರನ್ನು ಹದಿನೇಳು ವರ್ಷದಿಂದ ಬಲ್ಲೆ.

ಪಟ್ಟಿಯನ್ನು ಈಗ ಯಾರೂ ಬರೆಯುವುದಿಲ್ಲ.
ಒಂದು ಗುಂಡಿ ಒತ್ತಿದರೆ ತಾನೇ ಹುಟ್ಟುತ್ತದೆ,
ಪುಟಪುಟದಿಂದ ಅಡಿಬರಹ ಹೆಕ್ಕಿಕೊಂಡು,
ಚುಕ್ಕಿ ಇಡುತ್ತ ಇಡುತ್ತ
ಪುಟದ ಸಂಖ್ಯೆಯವರೆಗೆ ನಡೆದುಕೊಂಡು.
ಹುಟ್ಟಿತು.
ಮೂರು ಸಾಲಿನ ಅಡಿಬರಹ ಮೂರು ಸಾಲೂ ಬಂತು,
ಎರಡನೆಯದು 'ಚಿತ್ರ' ಅನ್ನುವ ಪದದ ಅಡಿಗೇ ನುಗ್ಗಿತು,
ಸಂಖ್ಯೆಗಳು ನ್ಯಾಯಬೆಲೆ ಅಂಗಡಿ ಮುಂದೆ
ಸರದಿ ಮುರಿದ ಜನದ ಹಾಗೆ ನಿಂತವು.

ಇಂಚರಾ ತಾನೇ ಕೂತಳು.
ಸ್ಪೇಸ್ ಒತ್ತಿ ಒತ್ತಿ ತಳ್ಳಿದಳು,
ಒಂದೊಂದೇ ಚುಕ್ಕಿ ಕುಟ್ಟಿದಳು.
ನಾನು ಸುಮ್ಮನಿದ್ದೆ. ಕೆಲವು ಪಾಠ ಬೆರಳೇ ಕಲಿಯಬೇಕು.
ಆಮೇಲೆ ಒಂದು ಚಿತ್ರ ಆಚೆಗೆ ಸರಿಸಿದಳು,
ಪಟ್ಟಿಯನ್ನು ಅಪ್‌ಡೇಟ್ ಮಾಡಿದಳು,
ಮುಕ್ಕಾಲು ಗಂಟೆಯ ಕೆಲಸ ರೆಪ್ಪೆ ಮುಚ್ಚುವುದರಲ್ಲಿ ಮಾಯ.

"ಕನ್ನಡಿಗೆ ಬಾಚಬೇಡ ಕಣೇ, ತಲೆಗೆ ಬಾಚು"
ಅಂದು ಕುರ್ಚಿ ಎಳೆದುಕೊಂಡೆ.
ಸ್ಟೈಲಿನೊಳಗೆ ಹೋಗಿ
ಬಲತುದಿಗೆ ಒಂದು ಟ್ಯಾಬ್ ನೆಟ್ಟೆ, ಗೂಟದ ಹಾಗೆ.
ಸಂಖ್ಯೆಗಳೆಲ್ಲ ಬಂದು ಅದಕ್ಕೇ ಕಟ್ಟಿಕೊಂಡವು.
ಎರಡನೇ ಸಾಲಿಗೆ ಒಳಗೆ ಸರಿ ಅಂದೆ, ಸರಿಯಿತು.
ಒಂದಕ್ಕೆ ಹೇಳಿದ್ದು ಮೂವತ್ತೆಂಟಕ್ಕೂ ಕೇಳಿಸಿತು.

ಇಲ್ಲ, ಮೂವತ್ತೇಳಕ್ಕೆ.
ಹತ್ತೊಂಬತ್ತರ ಜಾಗದಲ್ಲಿ, ಅಕ್ಷರಗಳ ನಡುವೆ
ಒಂದು ಕೈ.

ಪಟ್ಟಿಯೊಳಗೆ ಬಂದು ಕೂತಿತ್ತು, ಕರೆಯದೆ.
ಎರಡು ಹಸಿರು ಬಳೆ, ಒಂದು ಸೀಳಿದ್ದು.
ಉಗುರಿನ ಸಂದಿಯಲ್ಲಿ ಕೆಮ್ಮಣ್ಣು.
ಬೆರಳ ತುದಿಯಲ್ಲಿ ಕಪ್ಪು ಮಚ್ಚೆಯ ಎಲೆ,
ಮಗುವಿನ ಗಲ್ಲ ಹಿಡಿದಷ್ಟು ಹಗುರ.

ಕಾರಣ ಗೊತ್ತು. ಫೋಟೋಗೂ ಅಡಿಬರಹಕ್ಕೂ ನಡುವೆ
ಎಂಟರ್ ಒತ್ತುವುದನ್ನು ಮರೆತಿದ್ದಾಳೆ.
ಒಂದೇ ಪ್ಯಾರಾ ಅಂತ ತಿಳಿದು
ಯಂತ್ರ ಇಬ್ಬರನ್ನೂ ಎತ್ತಿಕೊಂಡು ಬಂದಿದೆ.
ಮೂವತ್ತನಾಲ್ಕನೇ ಪುಟಕ್ಕೆ ಹೋದೆ. ಒತ್ತುವ ಮುಂಚೆ ಓದಿದೆ:
'ರೋಗದ ಮೊದಲ ಹಂತ. ಅಳತೆಗಾಗಿ ಕೈ.'

ಮೇಲೆ ಹೋದೆ, ಕೆಳಗೆ ಬಂದೆ.
ಹನ್ನೊಂದು ಚಿತ್ರದಲ್ಲಿ ಅದೇ ಬಳೆ.
ಗೆಡ್ಡೆ ಕುಯ್ದು ತೋರಿಸಿದ್ದು, ಕಾಂಡ ಬಗ್ಗಿಸಿದ್ದು,
ಔಷಧಿಯ ಬಿಂದಿಗೆ ಒರೆ ಮಾಡಿದ್ದು.

"ಯಾರ್ದೇ ಇದು?"
"ಯಾವ್ದಕ್ಕ?"
"ಅಳತೆ."

ಇಂಚರಾ ಸ್ವಲ್ಪ ಹೊತ್ತು ಪರದೆ ನೋಡಿದಳು.
"ಜವರಮ್ಮ ಅಂತ. ದುದ್ದದ ಕಡೆಯವರು.
ಮೊದಲು ರೋಗ ಗುರುತಿಸಿದ್ದೂ ಅವ್ರೇ,
ನಮ್ಮ ಸರ್‌ಗಿಂತ ನಾಲ್ಕು ದಿನ ಮುಂಚೆ.
ಎಲೆ ಮೂಸಿ ಹೇಳಿದ್ರು."
ಆಮೇಲೆ, ಸಣ್ಣ ದನಿಯಲ್ಲಿ:
"ಅಡಿಬರಹ ಉದ್ದ ಆಗ್ಬಾರ್ದು ಅಂದಿದ್ರು ಅಕ್ಕ."

ಉದ್ದ ಆಗುವುದಿಲ್ಲ.
ಎಂಟರ್ ಒತ್ತಿದೆ. ಕೈ ತನ್ನ ಪುಟದಲ್ಲೇ ಉಳಿಯಿತು.
ಅಡಿಬರಹದ ಕೆಳಗೆ ಇನ್ನೊಂದು ಸಾಲು,
ಬೇರೆ ಸ್ಟೈಲಿನಲ್ಲಿ, ಪಟ್ಟಿಯ ಕಣ್ಣಿಗೆ ಬೀಳದ ಹಾಗೆ:
'ಎಲೆ ಹಿಡಿದವರು, ರೋಗ ಕಂಡವರು: ಜವರಮ್ಮ, ದುದ್ದ.'
ಹೆಸರಿನ 'ಮ್ಮ' ಒತ್ತು ಫಾಂಟಿನಲ್ಲಿ ಒಡೆದಿತ್ತು,
ಅದನ್ನೂ ಸರಿಮಾಡಿದೆ.

ಆ ಒಂದು ಸಾಲಿಗೆ ಜಾಗ ಸಾಲದೆ
ಚಿತ್ರ ಮುಂದಿನ ಪುಟಕ್ಕೆ ದಾಟಿತು.
ಅದರ ಹಿಂದಿನದು ಅದರ ಹಿಂದೆ.

ಪಟ್ಟಿಯನ್ನು ಕೊನೆಯ ಸಲ ಅಪ್‌ಡೇಟ್ ಮಾಡಿದೆ.
ಹತ್ತೊಂಬತ್ತರವರೆಗೆ ಎಲ್ಲ ಇದ್ದ ಹಾಗೇ ಇತ್ತು.
ಅಲ್ಲಿಂದಾಚೆ ಪ್ರತಿ ಸಂಖ್ಯೆಯೂ ಒಂದೊಂದು ಹೆಚ್ಚು.
ಯಾಕೆ ಅಂತ
ಪಟ್ಟಿಯಲ್ಲಿ ಎಲ್ಲೂ ಇಲ್ಲ.

ಇಂಚರಾ ಎಷ್ಟಾಯ್ತಕ್ಕ ಅಂದಳು.
ಪುಟದ ಲೆಕ್ಕ ನಮ್ಮಲ್ಲಿ.
ಅರವತ್ತೊಂದಕ್ಕೇ ಹಾಕಿದೆ.